ಹಿಡಿ ಅಂದವರು

"ಸೀರೆ ಬಿಚ್ಚೇ ಮೊದ್ಲು, ಬೋಸುಡಿ."

ಸಾಹೇಬರು ಹಿತ್ತಲ ಮೆಟ್ಟಿಲ ಮೇಲೆ ನಿಂತು ಹೀಗೆ ಕೂಗಿದಾಗ ನನ್ನ ತಲೆಯ ಮೇಲೆ ಜಲ್ಲಿ ತುಂಬಿದ ಬಾಂಡ್ಲಿ ಇತ್ತು. ಒಂದು ಕೈ ಬಾಂಡ್ಲಿಯ ಅಂಚಿನಲ್ಲಿ. ಇನ್ನೊಂದು ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿದ ಸೆರಗಿಗೆ ಹೋಯಿತು. ಕಾಂಪೌಂಡ್ ಗೋಡೆಯ ಹತ್ತಿರ ಗುದ್ದಲಿ ತೊಳೆಯುತ್ತಿದ್ದ ನನ್ನ ಗಂಡ ಪೈಪಿನ ನೀರು ಕಾಲ ಮೇಲೆ ಸುರಿಯುತ್ತಿದ್ದರೂ ಹಾಗೇ ನಿಂತ. ಮೇಸ್ತ್ರಿ ಮಾವ ನೆಲ ನೋಡಿದರು. ನಮ್ಮ ಗುಂಪಿನಲ್ಲಿ ಒಬ್ಬರಿಗೂ ಆ ಮಾತು ಬೇರೆ ಅರ್ಥದಲ್ಲಿ ಕೇಳಿಸಲಿಲ್ಲ.

"ಕಿವಿ ಕೇಳ್ಸಲ್ವಾ? ಆ ಸೀರೆ ಕಣೇ. ರಿಂಗಿಗೆ ನೇತಾಕಿದೀಯಲ್ಲ, ಆ ಹೊಲಸು ಸೀರೆ. ಬಿಚ್ಚು ಅದನ್ನ."

ಮೈಮೇಲಿನದಲ್ಲ, ಜೋಲಿಯದು. ಅದರೊಳಗೆ ನನ್ನ ಮಗಳು ಬಾಯಿ ತೆರೆದು ಮಲಗಿದ್ದಳು. ಅಬ್ಬ, ಅಷ್ಟೇ ತಾನೇ ಎಂದು ಉಸಿರು ಬಿಟ್ಟೆ. ಆ ಉಸಿರನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಜೋಲಿ ಅಲ್ಲಿಗೆ ಹೇಗೆ ಹೋಯಿತು ಅಂದರೆ, ಅದಕ್ಕೆ ಬೇರೆ ಜಾಗ ಇರಲಿಲ್ಲ. ನಾವು ಕೆಲಸಕ್ಕೆ ಬಂದಾಗ ಆ ಹಿತ್ತಲಲ್ಲಿ ದೊಡ್ಡದೊಂದು ಮರವಿತ್ತು. ಅದರ ಕೊಂಬೆಗೆ ಹಳೇ ಸೀರೆ ಕಟ್ಟಿ ಕೂಸನ್ನು ಹಾಕಿ ನಾನು ಮಣ್ಣು ಹೊರುತ್ತಿದ್ದೆ. ಆಮೇಲೆ ಮರ ಕಡಿಸಿದರು. ಬುಡವನ್ನು ನಾವೇ ಕಿತ್ತೆವು. ನೆಲವನ್ನು ಮಟ್ಟ ಮಾಡಿ, ಕಾಂಕ್ರೀಟ್ ಹಾಕಿ, ನೀರು ಕಟ್ಟಿ, ಒಣಗಿದ ಮೇಲೆ ಬಣ್ಣದವರು ಬಂದು ನೀಲಿ ಬಳಿದು ಬಿಳಿ ಗೆರೆ ಎಳೆದು ಹೋದರು. ಮರದ ಬುಡವಿದ್ದ ಗುಂಡಿ ಮಾತ್ರ ಹಾಗೇ ಇತ್ತು. ಬ್ಯಾಸ್ಕೆಟ್‌ಬಾಲಿನ ಕಂಬ ಬರುವುದು ತಡವಾಗಿತ್ತು. ಕಡೆಗೆ ಬಂತು. ಮರ ನಿಂತಿದ್ದ ಜಾಗದಲ್ಲೇ ಕಂಬ ನಿಂತಿತು. ಅದರ ತುದಿಯ ಕಬ್ಬಿಣದ ತೋಳಿಗೆ ಗಾಜಿನ ಹಲಗೆ, ಹಲಗೆಗೆ ರಿಂಗು. ಹಲಗೆಯ ಮೇಲಿನ ರಟ್ಟನ್ನೂ ಕಂಬಳಿಯನ್ನೂ ಇನ್ನೂ ಬಿಚ್ಚಿರಲಿಲ್ಲ. ಅಷ್ಟು ದೊಡ್ಡ ಹಿತ್ತಲಲ್ಲಿ ನೆರಳು ಅಂತ ಇದ್ದದ್ದು ಆ ರಟ್ಟಿನ ನೆರಳು ಒಂದೇ. ನನಗೆ ಅದು ಮರದ ಹಾಗೆಯೇ ಕಂಡಿತು, ಏನು ಮಾಡಲಿ. ಕಂಪನಿಯ ಫಿಟ್ಟರ್ ಬೋಲ್ಟು ಬಿಗಿದು ಹೊರಟ ಮೇಲೆ ನನ್ನ ಗಂಡ ಸೀರೆಯನ್ನು ರಿಂಗಿನ ಮೇಲಿಂದ ಎಸೆದು ಎಳೆದುಕೊಟ್ಟ. ಅವನು ಅಷ್ಟು ಎತ್ತರ. ಗುಂಪಿನಲ್ಲಿ ಅವನನ್ನು ಏಣಿ ಅಂತಲೇ ಕರೆಯುವುದು.

"ತಗೋ, ನಿನ್ನ ಮಗಳಿಗೆ ಸಾಹೇಬ್ರ ತೊಟ್ಲು," ಎಂದು ನಕ್ಕ.

ಜೋಲಿ ತೂಗುವಾಗ ನಾನು ಹಾಡುತ್ತಿದ್ದದ್ದು ಜೋಗುಳವಲ್ಲ, ಮಾವನ ಕೂಗು. ಭಾರದ್ದೇನಾದರೂ ಎತ್ತುವಾಗ ಮೇಸ್ತ್ರಿ ಮಾವ ಎಲ್ಲರಿಗೂ ಕಾಣುವ ಹಾಗೆ ಆಚೆ ನಿಂತು "ಹಿಡೀ..." ಎಂದು ಎಳೆದು ಕೂಗುತ್ತಾರೆ. ಎಲ್ಲರೂ ಹಿಡಿಯುತ್ತಾರೆ. ಇಳಿಸುವಾಗ "ಬಿಡೂ..." ಅನ್ನುತ್ತಾರೆ. ಆ ಮಾತು ಬರುವವರೆಗೆ ಕೈ ಮುರಿದರೂ ಯಾರೂ ಬಿಡುವ ಹಾಗಿಲ್ಲ. ಒಬ್ಬ ಬಿಟ್ಟರೆ ಭಾರ ಪಕ್ಕದವನ ಮೇಲೆ ಬೀಳುತ್ತದೆ. ಹಿಡಿ ಅಂದವನೇ ಬಿಡು ಅನ್ನಬೇಕು, ಅದು ನಮ್ಮ ಕೆಲಸದ ಕಟ್ಟಳೆ. ಹಿಂದೆ ಎಲ್ಲೋ ಯಾರೋ ಕೂಗಿಗೆ ಮುಂಚೆ ಬಿಟ್ಟದ್ದಕ್ಕೆ ನಮ್ಮ ಗುಂಪಿನ ಹಿರಿಯ, ಎಲ್ಲರೂ ತಾತ ಅನ್ನುವವನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ಆ ಕೂಗನ್ನು ನಾನು ಮೆಲ್ಲಗೆ, ಜೋಲಿ ನನ್ನ ಕಡೆ ಬಂದಾಗ ಹಿಡೀ, ಹೋದಾಗ ಬಿಡೂ, ಅಂತ ಹೇಳುತ್ತಿದ್ದೆ. ಮಗಳು ಅದಕ್ಕೇ ಮಲಗುತ್ತಿದ್ದಳು. ಗುಂಪಿನವರು ನಗುತ್ತಿದ್ದರು. "ಮೇಸ್ತ್ರಿ, ನಿನ್ನ ಕೆಲಸಕ್ಕೆ ಕುತ್ತು ಬಂತು," ಎಂದು ತಾತ ಅಣಕಿಸುತ್ತಿದ್ದ.

ತಾತ ಅಂದರೆ ಹಾಗೇ. ಇಲ್ಲಿ ಕೋರ್ಟು ಕಟ್ಟುವ ಕೆಲಸ ಎಂದು ಮಾವ ಹೇಳಿದ ದಿನ, "ಮನೆ ಹಿತ್ಲಲ್ಲಿ ಕೋರ್ಟಾ? ಸಾಹೇಬ್ರು ಜಡ್ಜಾ ಹಂಗಾದ್ರೆ?" ಎಂದು ಕೇಳಿದ್ದ.

"ಆಡೋ ಕೋರ್ಟು ತಾತ. ಚೆಂಡನ್ನ ಮೇಲಕ್ಕೆ ಎಸೀತಾರೆ."

"ಎಸೆದು?"

"ರಿಂಗೊಳಗೆ ಹೋಗ್ಬೇಕು."

"ಹೋಗಿ?"

"ಕೆಳಗೆ ಬೀಳುತ್ತೆ."

"ಕೆಳಗೇ ಬೀಳೋದಾದ್ರೆ ಅಷ್ಟೊಂದು ಖರ್ಚು ಯಾಕಪ್ಪ," ಎಂದು ತಾತ ಬೀಡಿ ಹಚ್ಚಿದ್ದ.

ಈಗ ಅದೇ ತಾತ ಕಂಬವನ್ನೇ ನೋಡುತ್ತಿದ್ದ. ಕಂಬ ಬಗ್ಗಿತ್ತು. ಸಾಹೇಬರು ಕಿಟಕಿಯಿಂದ ಕಂಡದ್ದು ಅದನ್ನೇ. ಕಂಬ ಬಗ್ಗಿದೆ, ಅದಕ್ಕೆ ಜೋಲಿ ನೇತಾಡುತ್ತಿದೆ.

"ಕೋತಿ ಮುಂಡೇವಾ. ಯಾವ ದೇಶದಿಂದ ತರಿಸಿದೀನಿ ಗೊತ್ತೇನ್ರೋ ಆ ಗಾಜು? ಅದಕ್ಕೆ ನಿಮ್ಮ ಕೂಸನ್ನ ನೇತಾಕ್ತೀರಾ?"

ನಾನು ಬಾಂಡ್ಲಿ ಇಳಿಸಿ ಓಡಿದೆ. ನೀಲಿ ನೆಲ ತುಳಿಯುವ ಮುಂಚೆ ಚಪ್ಪಲಿ ಬಿಡಬೇಕು, ಅಂಚಿನಲ್ಲಿ ಹಾಕಿರುವ ಒದ್ದೆ ಗೋಣಿಗೆ ಕಾಲು ಒರೆಸಬೇಕು. ಆ ಗಡಿಬಿಡಿಯಲ್ಲೂ ಒರೆಸಿದೆ. ಕೂಸನ್ನು ಎತ್ತಿಕೊಂಡೆ, ಕೆಳಗಿನ ಗಂಟು ಬಿಚ್ಚಿದೆ, ಸೀರೆ ಎಳೆದೆ. ತಪ್ಪು ನನ್ನದೇ ಅಂತ ನಾನೂ ನಂಬಿದ್ದೆ. ಕಂಬ ಇನ್ನು ನೆಟ್ಟಗಾಗುತ್ತದೆ ಎಂದು ಕಾದೆ.

ಕಂಬ ಇನ್ನೂ ಒಂಚೂರು ಬಗ್ಗಿತು.

"ಕೂಸು ಇಳೀತು. ಭಾರ ಇಳೀಲಿಲ್ವಲ್ಲ," ಎಂದು ತಾತ ಗೊಣಗಿದ.

ಹಿಂದಿನ ದಿನ ಕಂಬ ನೆಟ್ಟಾಗ ಮಾವ ಕೈಮುಗಿದು ಹೇಳಿದ್ದರು. "ಗುಂಡಿ ಮಣ್ಣು ಸಡಿಲ ಐತೆ ಸ್ವಾಮಿ, ಕಾಂಕ್ರೀಟು ಒಂದು ವಾರ ಒಣಗ್ಲಿ, ಆಮೇಲೆ ಹಲಗೆ ಹಾಕ್ಸೋಣ." ಮಗನ ಗೆಳೆಯರು ಆಡಲು ಬರುತ್ತಾರೆ, ನಾಳೆಗೆ ರೆಡಿ ಇರಬೇಕು ಎಂದಿದ್ದರು ಸಾಹೇಬರು. ಆ ಮಾತನ್ನು ಈಗ ಯಾರೂ ಎತ್ತಲಿಲ್ಲ. ಮಾವ ಮೆಲ್ಲಗೆ, "ಊರುಗೋಲು ಕೊಡ್ತೀವಿ ಸ್ವಾಮಿ, ಎರಡು ಮರದ ಕಂಬ ಆನಿಸಿದ್ರೆ ನಿಲ್ಲುತ್ತೆ," ಎಂದರು.

"ಹೊಸಾ ಬಣ್ಣದ ಮೇಲಾ? ಕೋಲಿನ ಮೊನೆ ಕುಕ್ಕಿದ್ರೆ ಕಿತ್ಕೊಂಡು ಬರುತ್ತೆ."

"ಹಂಗಾದ್ರೆ ಮೆಟ್ಟಿಲ ಹತ್ರದ ಕಂಬಕ್ಕೆ ಹಗ್ಗ ಕಟ್ಟಿ..."

"ಅದು ಪಾಲಿಶ್ ಮಾಡಿರೋ ಕಲ್ಲು ಕಣೋ. ಹಗ್ಗ ಉಜ್ಜುತ್ತೆ."

"ಮೆಲ್ಲಗೆ ಇಳಿಸಿಬಿಡ್ಲಾ ಸ್ವಾಮಿ?"

"ಗಾಜು ನೀವು ಮುಟ್ಟಂಗಿಲ್ಲ. ಫಿಟ್ಟರ್‌ಗೆ ಫೋನ್ ಮಾಡಿದೀನಿ, ಬರ್ತಾನೆ. ಅವನು ಬರೋವರೆಗೂ ಹಿಡ್ಕೊಳ್ರೋ. ಬಗ್ಗಿಸಿದೋರು ನೀವು, ಹಿಡ್ಕೊಳೋರೂ ನೀವೇ. ಏಯ್ ಉದ್ದಾದವನೇ, ನೀನು ಮುಂದೆ ಬಾ, ಹೆಗಲು ಕೊಡು."

ಹಾಗೆ ನನ್ನ ಗಂಡ ಕಂಬ ಬಗ್ಗಿದ ಕಡೆಗೆ, ಸರಿಯಾಗಿ ಹಲಗೆಯ ಕೆಳಗೆ ನಿಂತ. ಅವನ ಪಕ್ಕದಲ್ಲಿ ತಾತ. ತುದಿಗೆ ಎರಡು ಹಗ್ಗ ಬಿಗಿದು ಹಿಂದಿನಿಂದ ಎಳೆದು ಹಿಡಿಯಲು ಅಣ್ಣತಮ್ಮಂದಿರು. ಅವರನ್ನು ನಾವು ಜೋಡೆತ್ತು ಅನ್ನುತ್ತೇವೆ, ದೊಡ್ಡೆತ್ತು, ಚಿಕ್ಕೆತ್ತು. ಮಾವ ಎಂದಿನ ಹಾಗೆ ಆಚೆ ಹೋಗಿ ನಿಲ್ಲಲು ಹೊರಟರು.

"ನಿನಗೇನು, ನಿಂತ್ಕೊಂಡು ನೋಡೋಕೆ ಟಿಕೆಟ್ ತಗೊಂಡಿದೀಯಾ? ಹಗ್ಗ ಹಿಡಿ."

ಮಾವನೂ ಹಗ್ಗ ಹಿಡಿದರು. ಕೂಗುವ ಜಾಗ ಖಾಲಿಯಾಯಿತು. ನನ್ನ ಎದೆಯಲ್ಲಿ ಭಯ ಹುಟ್ಟಿದ್ದು ಆಗ.

ಸಾಹೇಬರು ಚಪ್ಪಲಿ ಹಾಕಿಕೊಂಡೇ ಬಂದು ಮೊಬೈಲನ್ನು ಕಂಬಕ್ಕೆ ಒತ್ತಿ ಹಿಡಿದರು. ಕಂಬ ನೆಟ್ಟಗಿದೆಯೋ ಎಂದು ನೋಡುವ ರಸಮಟ್ಟ ಅದರಲ್ಲಿ ಇದೆಯಂತೆ. "ಹಿಂದಕ್ಕೆ. ಇನ್ನೊಂಚೂರು. ಇನ್ನೂ. ಹಾಂ, ಸಾಕು. ಹಿಂಗೇ ಇರಿ. ಅಲ್ಲಾಡಬೇಡಿ." ಫೋಟೋ ತೆಗೆಯುವವರು ಹೇಳುತ್ತಾರಲ್ಲ, ಹಾಗೆ. ಆಮೇಲೆ ಫೋನು ಬಂತು. ಫಿಟ್ಟರಿನ ಗಾಡಿ ದಾರಿಯಲ್ಲಿ ಕೆಟ್ಟಿದೆಯಂತೆ, ತಾವೇ ಹೋಗಿ ಕರೆದುಕೊಂಡು ಬರುತ್ತಾರಂತೆ.

"ಗಾಜು ಒಡೀತೋ, ಒಬ್ಬೊಬ್ಬನ್ನೂ ಒಳಗೆ ಹಾಕಿಸ್ತೀನಿ. ಸ್ಟೇಷನ್ ನನಗೆ ಅತ್ತೆ ಮನೆ ಇದ್ದಂಗೆ, ಗೊತ್ತಲ್ಲ? ಜೋಲಿ ಕಟ್ಟಿದೋಳನ್ನ ಮೊದ್ಲು." ಕಾವಲಿನವನಿಗೆ ಗೇಟು ಹಾಕಿಕೊಳ್ಳಲು ಹೇಳಿ ಕಾರು ಹತ್ತಿದರು.

ಮೊದಮೊದಲು ಮಾತಿತ್ತು.

"ತಾತ, ಕೋರ್ಟಲ್ಲಿ ನಮಗೆ ಎಷ್ಟು ದಿನದ್ದು ಶಿಕ್ಷೆ?" ಎಂದ ದೊಡ್ಡೆತ್ತು.

"ಕಾಂಕ್ರೀಟು ಗಟ್ಟಿ ಆಗೋವರೆಗೂ. ಅಲ್ಲೀವರೆಗೂ ನಾವು ಗಟ್ಟಿ ಇರ್ಬೇಕಷ್ಟೆ."

"ನಂಗೆ ಉಚ್ಚೆ ಬಂದೈತೆ ಕಣಣ್ಣ," ಎಂದ ಚಿಕ್ಕೆತ್ತು.

"ಹುಯ್ಕೋ. ನೀಲಿ ಮೇಲೆ ಮಾತ್ರ ಬೇಡ, ಹೂವಿನ ಪಾತಿ ಕಡೆ ತಿರುಗು."

ನನ್ನ ಗಂಡನೂ ನಕ್ಕ. ನಕ್ಕಾಗ ಕಂಬ ಅಲ್ಲಾಡಿತು. ಆಮೇಲೆ ಯಾರೂ ನಗಲಿಲ್ಲ.

ಬಿಸಿಲು ನೆತ್ತಿಯಿಂದ ಇಳಿಯುತ್ತಿದ್ದರೂ ನೀಲಿ ನೆಲ ಕಾವಲಿಯ ಹಾಗೆ ಕಾದಿತ್ತು. ಬರಿಗಾಲು. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಡೋಣ ಅಂದರೆ ಭಾರ ತಪ್ಪುತ್ತದೆ. ತಾತನ ಬೆರಳಿಲ್ಲದ ಕೈ ಕಂಬದ ಮೇಲೆ ಬೆವರಿಗೆ ಜಾರುತ್ತಿತ್ತು, ಅವನು ಮೊಣಕೈ ಆನಿಸಿದ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನು ಚೊಂಬಿನಲ್ಲಿ ನೀರು ತಂದು ಒಬ್ಬೊಬ್ಬರ ಬಾಯಿಗೂ ಹಿಡಿದೆ. ಗಂಡನ ಗದ್ದದಿಂದ ನೀರು ಇಳಿದು ನೆಲಕ್ಕೆ ಬಿತ್ತು. ಇನ್ನಷ್ಟು ನೀರನ್ನು ಅವನ ಪಾದಕ್ಕೆ ಸುರಿಯಲು ಬಗ್ಗಿದೆ.

"ನೀರು ಚೆಲ್ಬೇಡಮ್ಮ, ಕಲೆ ಆಗುತ್ತೆ."

ಮಹಡಿಯ ಕಿಟಕಿಯಲ್ಲಿ ಮೇಡಂ. ಅವರ ದನಿ ಯಾವತ್ತೂ ಮೆತ್ತಗೆ.

"ಅಮ್ಮಾ, ಸಾಹೇಬ್ರಿಗೆ ಒಂದು ಫೋನ್ ಮಾಡಿ. ಇಳಿಸ್ಲಾ ಅಂತ ಕೇಳಿ. ತಾತನ ಕೈಲಿ ಆಗ್ತಿಲ್ಲ."

ಅವರು ಫೋನು ಮಾಡಿದರು. ಕಿಟಕಿಯಲ್ಲೇ ನಿಂತು ಮಾತಾಡಿದರು. "ಹತ್ರಾನೇ ಇದಾರಂತೆ. ಬಂದ್ರು ಅನ್ಕೋ," ಎಂದು ಪರದೆ ಎಳೆದರು. ಒಳಗೂ ಬಿಸಿಲು ಬೀಳುತ್ತಿತ್ತೇನೋ.

ಹತ್ತಿರ ಇದ್ದ ಸಾಹೇಬರು ಬರಲಿಲ್ಲ. ಗಾಳಿ ಬಂತು.

ದೊಡ್ಡ ಗಾಳಿಯೇನಲ್ಲ. ಒಣಹಾಕಿದ ಬಟ್ಟೆ ಹಾರುವಷ್ಟು, ಅಷ್ಟೇ. ಆದರೆ ಹಲಗೆಗೆ ಸುತ್ತಿದ ಕಂಬಳಿ ಅದನ್ನು ಹಿಡಿಯಿತು. ಗುಂಡಿಯೊಳಗಿಂದ ಒಂದು ಸದ್ದು ಬಂತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರಲ್ಲ, ಆ ಸದ್ದು. ಕಂಬದ ಬುಡದ ಕಾಂಕ್ರೀಟಿನಲ್ಲಿ ಬಿರುಕು ಕಂಡಿತು, ಅದರಿಂದ ಬೂದಿ ಬಣ್ಣದ ನೀರು ಒಸರಿತು. ನನ್ನ ಗಂಡನ ಮೊಣಕಾಲು ಕುಸಿಯಿತು, ಮತ್ತೆ ನೆಟ್ಟಗಾಯಿತು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಅವನು ನನ್ನ ಕಡೆ ನೋಡಿದ. ಆ ನೋಟ ನಾನು ಒಮ್ಮೆ ನೋಡಿದ್ದೆ, ನಮ್ಮ ಮಗಳು ಹುಟ್ಟುವಾಗ ಅವನು ಬಾಗಿಲ ಆಚೆ ನಿಂತಿದ್ದಾಗ. ತನ್ನ ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತಾದವನ ನೋಟ.

"ಮೇಸ್ತ್ರಿ, ಕೂಗು," ಎಂದ ತಾತ. "ಕೂಗಪ್ಪ. ಇದು ನಿಲ್ಲಲ್ಲ."

ಮಾವ ಬಾಯಿ ತೆರೆದರು. ಮೂರು ಬೀದಿ ಆಚೆಗೂ ಕೇಳುವ ಗಂಟಲು ಅವರದು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದರು. ತುಟಿ ಅಲ್ಲಾಡಿತು, ಅಷ್ಟೇ.

ನಾನು ಓಡಿ ಅವರ ಹತ್ತಿರ ಹೋದೆ. "ಮಾವ, ಬಿಡು ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಿಡಿ ಅಂದಿದ್ದು ನಾನಲ್ಲವಲ್ಲೇ." ಪಿಸುಮಾತಿನಲ್ಲಿ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. "ಹಿಡಿ ಅಂದೋರು ಅವ್ರು. ಒಳಗೆ ಹಾಕಿಸ್ತಾರೆ ಕಣೇ. ನಿನ್ನನ್ನೇ ಮೊದ್ಲು ಅಂದ್ರು."

"ಇವ್ರು ಅಡೀಲಿ ಇದಾರೆ ಮಾವ."

"ಗೊತ್ತು ಕಣವ್ವ. ನಂಗೊತ್ತು."

ಗಾಳಿ ಮತ್ತೆ ಬಂತು. ಚಿಕ್ಕೆತ್ತಿನ ಕೈಯಲ್ಲಿ ಹಗ್ಗ ಜಾರಿತು, ಅಂಗೈ ಸುಲಿದು ಹಗ್ಗ ಕೆಂಪಾಯಿತು, ಮತ್ತೆ ಹಿಡಿದ. ಬಿಟ್ಟಿದ್ದರೆ ಅವನೊಬ್ಬ ಬಿಡುಗಡೆಯಾಗುತ್ತಿದ್ದ. ಬಿಡಲಿಲ್ಲ. ಯಾರೂ ಬಿಡುವವರಲ್ಲ. ಅದೇ ನನಗೆ ಹೆದರಿಕೆ. ಈ ಐದು ಜನ ಸಾಯುವವರೆಗೂ ಹಿಡಿದೇ ಇರುತ್ತಾರೆ.

ಕೂಸನ್ನು ನೀರಿನ ಡ್ರಮ್ಮಿನ ಹಿಂದೆ, ಜೋಲಿಯ ಸೀರೆ ಹಾಸಿ ಮಲಗಿಸಿದೆ. ಬಂದು ಮಾವ ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತೆ. ಎಲ್ಲರಿಗೂ ಕಾಣುವ ಜಾಗ. ಕಾಲು ಒರೆಸಿಕೊಂಡಿರಲಿಲ್ಲ, ಅದು ಆಮೇಲೆ ಗೊತ್ತಾಯಿತು. ಐದು ಜನವೂ ನನ್ನ ಕಡೆ ನೋಡಿದರು. ಮೊದಲು ಅರ್ಥವಾಗಲಿಲ್ಲ ಅವರಿಗೆ, ಆಮೇಲೆ ಆಯಿತು. ಆಗ ಅವರ ಮುಖದಲ್ಲಿ ಇನ್ನೂ ಹೆಚ್ಚಿನ ಭಯ ಕಂಡೆ.

"ಹಗ್ಗ ಎಳೀ..."

ನನ್ನ ದನಿ ಹೆಣ್ಣಿನದಾಗಿಯೂ ಇರಲಿಲ್ಲ, ಗಂಡಿನದಾಗಿಯೂ ಇರಲಿಲ್ಲ. ಆದರೆ ಕೂಗು ಮಾವನದೇ. ಹಗ್ಗದ ಮೂವರೂ ಯೋಚಿಸದೆ ಎಳೆದರು. ಆ ಕೂಗಿಗೆ ಯೋಚಿಸುವ ಅಭ್ಯಾಸ ಅವರ ಕೈಗಳಿಗೆ ಇಲ್ಲ.

"ತಾತ ಆಚೇ..."

ತಾತ ಮೊಣಕೈ ತೆಗೆದು ಪಕ್ಕಕ್ಕೆ ಉರುಳಿದ. ಕಂಬ ಪೂರ್ತಿ ನನ್ನ ಗಂಡನ ಹೆಗಲ ಮೇಲೆ ಬಂತು. ಅವನ ಬಾಯಿಂದ ಒಂದು ಶಬ್ದ ಹೊರಟಿತು. ಗುಂಪಿನವರು ಇಟ್ಟ ಹೆಸರಿನಿಂದ ನಾನು ಗಂಡನನ್ನು ಅದುವರೆಗೂ ಕರೆದವಳಲ್ಲ.

"ಏಣಿ ಆಚೇ..."

ಅವನು ಬಗ್ಗಿ, ಹೆಗಲು ತಪ್ಪಿಸಿ, ನೀಲಿಯ ಮೇಲೆ ಮೊಣಕಾಲು ಊರಿ, ಎದ್ದು ನನ್ನ ಕಡೆ ಓಡಿಬಂದ. ಹಗ್ಗದ ಮೂವರ ಕಾಲು ಹೂವಿನ ಪಾತಿಯಲ್ಲಿ ಗೆರೆ ಕೊರೆಯುತ್ತ ಮುಂದಕ್ಕೆ ಜಾರುತ್ತಿತ್ತು.

"ಬಿಡೂ..."

ಬಿಟ್ಟರು.

ಕಂಬ ತಟ್ಟನೆ ಬೀಳಲಿಲ್ಲ. ವಯಸ್ಸಾದವರು ಕೂರುವ ಹಾಗೆ ನಿಧಾನವಾಗಿ ಬಗ್ಗಿ, ಆಮೇಲೆ ಒಮ್ಮೆಗೇ ಬಿತ್ತು. ಗಾಜು ಕಂಬಳಿಯೊಳಗೇ ಒಡೆಯಿತು. ನಾನು ಎಣಿಸಿದ್ದಷ್ಟು ಸದ್ದೂ ಆಗಲಿಲ್ಲ, ಮಡಕೆ ತುಂಬಿದ ಚೀಲ ಕೆಳಗಿಟ್ಟ ಹಾಗಾಯಿತು. ರಿಂಗು ಬಿಳಿ ಗೆರೆಯ ಮೇಲೆ ಕಚ್ಚಿಕೊಂಡಿತು. ಗುಂಡಿಯಿಂದ ಹಸಿ ಕಾಂಕ್ರೀಟಿನ ಗಡ್ಡೆ ಮಣ್ಣಿನ ಸಮೇತ ಮೇಲೆದ್ದು ನಿಂತಿತು, ಮರದ ಬುಡ ಕಿತ್ತಾಗ ಇದ್ದ ಹಾಗೆಯೇ.

ಪರದೆ ಸರಿಯಿತು. ಕಾವಲಿನವನು ಮೂಲೆಯ ತನಕ ಓಡಿಬಂದು ನೋಡಿ, ಗೇಟಿನ ಕಡೆಗೆ ಹಿಂತಿರುಗಿದ. ನಾವು ನಿಂತಲ್ಲೇ ನಿಂತಿದ್ದೆವು. ಹಗ್ಗದವರ ಮುಷ್ಟಿಗಳು ಇನ್ನೂ ಹಗ್ಗ ಇರುವ ಹಾಗೆಯೇ ಮಡಚಿಕೊಂಡಿದ್ದವು. ತಾತ ನನ್ನನ್ನು ನೋಡುತ್ತ ನೆಲಕ್ಕೆ ಕುಳಿತ.

ಕಾರಿನ ಹಾರ್ನ್ ಕೇಳಿಸಿತು. ಸಾಹೇಬರು, ಅವರ ಹಿಂದೆ ಸ್ಪ್ಯಾನರಿನ ಚೀಲ ಹಿಡಿದ ಫಿಟ್ಟರ್. ಫಿಟ್ಟರ್ ಕಂಬ ನೋಡಿ, ನನ್ನ ಗಂಡನ ಹೆಗಲ ಮೇಲಿನ ಸುಲಿದ ಚರ್ಮ ನೋಡಿ, ತಲೆ ತಗ್ಗಿಸಿದ. ಸಾಹೇಬರು ಕಂಬಳಿಯ ಅಂಚು ಎತ್ತಿ ಗಾಜು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಬಿಡು ಅಂದೋನು ಯಾವನು?"

ಮಾವ ಒಂದು ಹೆಜ್ಜೆ ಮುಂದೆ ಬಂದರು. ಅವರ ಗಂಟಲು ಆಗಲೂ ತೆರೆಯಲಿಲ್ಲ. ನನ್ನ ಗಂಡ ನನ್ನ ಮುಂದೆ ಬಂದು ನಿಂತ. ಅವನ ಬೆನ್ನಿನ ಹಿಂದಿನಿಂದಲೇ ನಾನು ಹೇಳಿದೆ.

"ನಾನು ಸ್ವಾಮಿ. ಹಿಡಿ ಅಂದೋರು ಇರ್ಲಿಲ್ಲ."

ಅವರು ನನ್ನನ್ನು ನೋಡಿದರು. ಬೆಳಿಗ್ಗೆಯಿಂದ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. "ಗೇಟ್ ಹಾಕೋ, ಒಬ್ರನ್ನೂ ಹೊರಗೆ ಬಿಡ್ಬೇಡ," ಎಂದು ಕಾವಲಿನವನಿಗೆ ಹೇಳಿ, ಮೊಬೈಲನ್ನು ಕಿವಿಗೆ ಹಿಡಿದು, ಸ್ಟೇಷನ್ನಿನವರು ಎತ್ತುವುದನ್ನು ಕಾಯುತ್ತ ನಿಂತರು.

ಡ್ರಮ್ಮಿನ ಹಿಂದೆ ಕೂಸು ಎದ್ದು ಅಳತೊಡಗಿತು. ಹೋಗಿ ಎತ್ತಿಕೊಂಡೆ. ಜೋಲಿಯ ಸೀರೆಯೊಳಗೆ ಹಾಕುವಷ್ಟರಲ್ಲಿ ನನ್ನ ಗಂಡ ಬಂದು ಅದರ ಒಂದು ಕಡೆ ಹಿಡಿದ. ಇನ್ನೊಂದು ಕಡೆ ನಾನು ಹಿಡಿದೆ. ನಡುವೆ ಕೂಸು. ಅಳು ನಿಲ್ಲಿಸಲು ನನಗೆ ಬೇರೆ ಹಾಡು ಬರುವುದಿಲ್ಲ.

"ಹಿಡೀ..." ಎಂದೆ.

ಸಾಹೇಬರು ಕಿವಿಯಿಂದ ಫೋನು ತೆಗೆದು ತಿರುಗಿದರು.

"ಬಿಡೂ..." ಎಂದರು ಮಾವ. ದನಿ ಒಡೆದಿತ್ತು, ಆದರೂ ಕೇಳಿಸಿತು.

ಗೇಟಿನಲ್ಲಿ ಕಾವಲಿನವನ ಕೈ ಚಿಲಕದ ಮೇಲಿತ್ತು. ಹಾಕುತ್ತಿದ್ದನೋ ತೆಗೆಯುತ್ತಿದ್ದನೋ, ನಾನು ನಿಂತ ಕಡೆಯಿಂದ ಕಾಣಲಿಲ್ಲ.